ಒಳಮನೆ ಸೇರಿದ ಬೆಕ್ಕು ಮತ್ತು ಸಕ್ಕರೆ ಕಾಯಿಲೆ

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ಕಡೆಯ ಕೃಷಿಕರೊಬ್ಬರು ತಮ್ಮ ಬೆಕ್ಕನ್ನು ಪರೀಕ್ಷೆಯ ಮೇಜಿನ ಮೇಲಿಟ್ಟು ಮೊದಲು ಹೇಳಿದ್ದು ಇರುವೆಗಳ ವಿಷಯವನ್ನು. ಬೆಕ್ಕು ಉಚ್ಚೆ ಹೊಯ್ದ ಮೂಲೆಗೆ ಇರುವೆ ಸಾಲುಗಟ್ಟುತ್ತಿತ್ತು. ಬಟ್ಟಲಿನ ನೀರು ಸಾಲದೆ ಅದು ಬಚ್ಚಲಿನ ಬಾಲ್ದಿಗೂ ತಲೆ ಹಾಕುತ್ತಿತ್ತು. ಒಂಬತ್ತು ವರ್ಷದ, ಬೀಜ ತೆಗೆಸಿದ ಗಂಡು, ತೂಕ 6.8 ಕಿಲೋ. ಬೆರಳೂರಿ ನಡೆಯಬೇಕಾದ ಪ್ರಾಣಿ ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ತಾಗಿಸಿ ನಡೆಯುತ್ತಿದ್ದುದರಿಂದ, ಸಕ್ಕರೆ ನರಗಳವರೆಗೂ ಹಾನಿ ಮಾಡಿದೆ ಎಂಬುದು ರಕ್ತ ತೆಗೆಯುವ ಮೊದಲೇ ಅಂದಾಜಾಯಿತು.

ಹಾಲಿಗೆ ಸಕ್ಕರೆ ಹಾಕಿದ್ದರಿಂದ ಹೀಗಾಯಿತೇ ಎಂದು ಅವರು ಕೇಳಿದರು. ಬೆಕ್ಕಿನ ನಾಲಗೆಗೆ ಸಿಹಿಯ ರುಚಿಯೇ ತಿಳಿಯದು. ಕಾಯಿಲೆಯ ಬೇರು ಸಕ್ಕರೆ ಡಬ್ಬದಲ್ಲಿಲ್ಲ, ತೂಕದಲ್ಲಿದೆ. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುವಂಥದ್ದು: ಕೊಬ್ಬು ಏರಿದಂತೆ ದೇಹ ಇನ್ಸುಲಿನ್ನಿನ ಮಾತು ಕೇಳದಾಗುತ್ತದೆ, ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಸ್ರವಿಸಿ ದಣಿಯುತ್ತದೆ. ಒಂದು ಕಿಲೋ ತೂಕ ಏರಿದರೆ ಇನ್ಸುಲಿನ್ನಿಗೆ ಸ್ಪಂದಿಸುವ ಶಕ್ತಿ ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ ಎಂದು ಅಧ್ಯಯನದಲ್ಲಿ ಕಂಡುಬಂದಿದೆ. ನಮಗೆ ಒಂದು ಕಿಲೋ ಏನೂ ಅಲ್ಲ. ನಾಲ್ಕು ಕಿಲೋದ ಬೆಕ್ಕಿಗೆ ಅದು ಮೈಯ ಕಾಲುಭಾಗ.

ಏಳು ವರ್ಷ ದಾಟಿದ, ಬೀಜ ತೆಗೆಸಿದ, ಮನೆಯೊಳಗೇ ಇರುವ ಗಂಡು ಬೆಕ್ಕಿಗೆ ಅಪಾಯ ಹೆಚ್ಚು. ಹಾಗೆಂದು ಶಸ್ತ್ರಚಿಕಿತ್ಸೆ ಬೇಡವೆಂದು ನಾನು ಹೇಳಲಾರೆ. ಆ ಬಳಿಕ ಬೆಕ್ಕಿಗೆ ಬೇಕಾಗುವ ಆಹಾರ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ ಎಂಬುದನ್ನು ಮನೆಯವರಿಗೆ ತಿಳಿಸದಿರುವುದು ನಮ್ಮದೇ ತಪ್ಪು. ಅಟ್ಟದಲ್ಲಿ ಇಲಿ ಹಿಡಿದು, ಅಡಿಕೆ ತೋಟ ಸುತ್ತಿ, ಬೂತಾಯಿ ಮೀನಿನ ತಲೆಗಾಗಿ ಅಂಗಳದಲ್ಲಿ ಕಾಯುತ್ತಿದ್ದ ಬೆಕ್ಕು ಈಗ ಕಾಸರಗೋಡು, ಕಾಞಂಗಾಡಿನ ಫ್ಲ್ಯಾಟುಗಳಲ್ಲಿ ಸೋಫಾದ ಮೇಲಿದೆ, ಪಕ್ಕದಲ್ಲಿ ಒಣ ಆಹಾರದ ಬಟ್ಟಲು ದಿನವಿಡೀ ತುಂಬಿರುತ್ತದೆ. ಒಣ ಆಹಾರವೇ ಕಾಯಿಲೆ ತರುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಬರಿದಾಗದ ಬಟ್ಟಲು ತೂಕ ಏರಿಸುತ್ತದೆ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ತಳಿಯನ್ನು ದೂರುವವರಿದ್ದಾರೆ. ಆದರೆ ಹೆಚ್ಚು ಅಪಾಯ ದಾಖಲಾಗಿರುವುದು ಬರ್ಮೀಸ್ ತಳಿಯಲ್ಲಿ, ಇಲ್ಲಿ ಜನಪ್ರಿಯವಾದ ಪರ್ಷಿಯನ್ನಿನಲ್ಲಲ್ಲ.

ಇನ್ನೊಂದು ಕಾರಣ ನಮ್ಮ ಸಿರಿಂಜಿನಿಂದಲೇ ಬರುತ್ತದೆ. ಮಳೆಗಾಲದ ಚಿಗಟಗಳಿಂದ ಮೈ ತುರಿಸಿಕೊಂಡು ಕೂದಲು ಕಿತ್ತುಕೊಳ್ಳುವ ಬೆಕ್ಕಿಗೆ, ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ತುರಿಕೆ ಮರುದಿನವೇ ಇಳಿಯುತ್ತದೆ, ಮನೆಯವರು ಮತ್ತೆ ಅದನ್ನೇ ಕೇಳುತ್ತಾರೆ. ಸ್ಟಿರಾಯ್ಡ್ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಬದಿಯಡ್ಕದ ಬೆಕ್ಕಿಗೆ ಎರಡು ವರ್ಷದಲ್ಲಿ ಅಂಥ ಐದು ಚುಚ್ಚುಮದ್ದು ಬೇರೆ ಬೇರೆ ಕಡೆ ಬಿದ್ದಿದ್ದವು. ಚಿಗಟಕ್ಕೆ ಮಾತ್ರ ಯಾರೂ ಮದ್ದು ಹಾಕಿರಲಿಲ್ಲ.

ಒಂದೇ ರಕ್ತಪರೀಕ್ಷೆಯನ್ನು ನಂಬಿ ನಾನೂ ಎಡವಿದ್ದೇನೆ. ವೃತ್ತಿಯ ಆರಂಭದಲ್ಲಿ, ಗೋಣಿಯಲ್ಲಿ ಕಟ್ಟಿ ಬಸ್ಸಿನಲ್ಲಿ ತಂದ ಬೆಕ್ಕಿಗೆ ಮಧುಮೇಹವೆಂದು ಹೇಳಿಬಿಟ್ಟಿದ್ದೆ. ಹೆದರಿದ ಬೆಕ್ಕಿನ ರಕ್ತದ ಸಕ್ಕರೆ ತಾನಾಗಿ ಏರುತ್ತದೆ. ಈಗ ಮೂತ್ರವನ್ನೂ, ಹಿಂದಿನ ಒಂದೆರಡು ವಾರಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ನೋಡದೆ ಇನ್ಸುಲಿನ್ ಬರೆಯುವುದಿಲ್ಲ.

ತೂಕ ಇಳಿಸಬೇಕೆಂದು ಬೆಕ್ಕನ್ನು ಉಪವಾಸ ಕೆಡವಬಾರದು. ಕೊಬ್ಬಿದ ಬೆಕ್ಕು ಕೆಲವು ದಿನ ತಿನ್ನದಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತಾಗಬಹುದು. ವಾರಕ್ಕೆ ಮೈತೂಕದ ಶೇಕಡಾ ಒಂದರಷ್ಟು ಇಳಿದರೆ ಸಾಕು. ಆ ಕೃಷಿಕರು ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿ, ಸ್ಟಿರಾಯ್ಡನ್ನು ಪೂರ್ತಿ ನಿಲ್ಲಿಸಿ, ಆಹಾರವನ್ನು ಅಳೆದು ಹಾಕಿ ನಾಲ್ಕು ತಿಂಗಳಲ್ಲಿ ತೂಕವನ್ನು 5.9ಕ್ಕೆ ಇಳಿಸಿದರು. ಆಮೇಲೆ ಇನ್ಸುಲಿನ್ ಬೇಕಾಗಲಿಲ್ಲ. ಆದರೂ ತಿಂಗಳಿಗೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲೇ ಅದನ್ನು ಬುಟ್ಟಿ ಸಮೇತ ತೂಗಿ, ಬುಟ್ಟಿಯ ತೂಕ ಕಳೆದು, ನನಗೆ ಫೋನಿನಲ್ಲಿ ತಿಳಿಸುತ್ತಾರೆ.