ಕಾಂಕ್ರೀಟಿನೊಳಗೆ ಅಡಗಿದ ತುಕ್ಕು

ಉಕ್ಕಿಗೆ ಕಾಂಕ್ರೀಟ್ ಹೊದಿಸಿಬಿಟ್ಟರೆ ಮುಗಿಯಿತು, ಇನ್ನು ನೂರು ವರ್ಷ ಚಿಂತೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕರಾವಳಿಯ ಮನೆಯ ತಾರಸಿಯಿಂದ ಚಕ್ಕೆ ಉದುರಿ ಸರಳು ಇಣುಕಿದಾಗಲೂ ನಾವು ಬೈಯುವುದು ಮೇಸ್ತ್ರಿಯನ್ನೇ. ಉಪ್ಪುಗಾಳಿಯ ಕಡೆ ತಿರುಗಿ ನೋಡುವುದಿಲ್ಲ.

ಇಟಲಿಯ ಬಂದರು ನಗರ ಜೆನೋವಾದಲ್ಲಿ ರಿಕಾರ್ಡೊ ಮೊರಾಂಡಿ ರೂಪಿಸಿದ ಪೊಲ್ಚೆವೆರಾ ಸೇತುವೆ 1967ರಲ್ಲಿ ಉದ್ಘಾಟನೆಯಾಯಿತು. ಉದ್ದ 1,182 ಮೀಟರ್. ಗೋಪುರದ ತಲೆಯಿಂದ ಓರೆಯಾಗಿ ಇಳಿದ ಕೇಬಲ್‌ಗಳು ರಸ್ತೆಯನ್ನು ಎತ್ತಿ ಹಿಡಿಯುತ್ತಿದ್ದವು. ಮೊರಾಂಡಿ ಅವುಗಳಿಗೂ ಕಾಂಕ್ರೀಟ್ ಹೊದಿಸಿದರು. ವಾಹನಗಳ ಭಾರಕ್ಕೆ ಉಕ್ಕು ಪದೇ ಪದೇ ಹಿಗ್ಗಿ ದಣಿಯಬಾರದು, ತುಕ್ಕೂ ಹಿಡಿಯಬಾರದು ಎಂಬುದು ಲೆಕ್ಕ. ಜಾಣ ಲೆಕ್ಕವೇ.

ಹೊಸ ಕಾಂಕ್ರೀಟಿನ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಮೂಡುತ್ತದೆ. ಅದು ಇರುವವರೆಗೆ ತುಕ್ಕಿಲ್ಲ. ಆದರೆ ಕಾಂಕ್ರೀಟಿನ ತುಂಬ ಸೂಕ್ಷ್ಮ ರಂಧ್ರಗಳು. ಕಡಲಗಾಳಿಯ ಕ್ಲೋರೈಡ್ ಒಳಗಿಳಿದು ಆ ಪದರವನ್ನು ಅಲ್ಲಲ್ಲಿ ಕೊರೆಯುತ್ತದೆ. ಇಂಗಾಲದ ಡೈಆಕ್ಸೈಡ್ ಕ್ಷಾರವನ್ನೇ ತಗ್ಗಿಸುತ್ತದೆ. ಮನೆಯ ಸರಳಾದರೆ ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ, ನಮಗೆ ಗೊತ್ತಾಗುತ್ತದೆ. ಸೇತುವೆಯ ಕೇಬಲ್‌ಗಳೊಳಗೆ ಬಿಗಿದು ಎಳೆದ ತೆಳು ತಂತಿಗಳ ಕಥೆ ಬೇರೆ. ಚಿಕ್ಕ ಗುಳಿ ಬಿದ್ದರೂ ಅಲ್ಲಿ ಉಳಿದ ಉಕ್ಕೇ ಅಷ್ಟೂ ಎಳೆತವನ್ನು ತಾಳಬೇಕು. ಒಂದೊಂದಾಗಿ ತಂತಿ ಕಡಿಯುತ್ತಿದ್ದರೂ ಹೊರಮೈ ಗಟ್ಟಿಯಾಗಿಯೇ ಕಾಣಬಹುದು.

ಮೊರಾಂಡಿಗೆ ಇದು ತಿಳಿಯದ್ದೇನಲ್ಲ. ಕಡಲಗಾಳಿ ಮತ್ತು ಕಾರ್ಖಾನೆಗಳ ಹೊಗೆ ತಮ್ಮ ಸೇತುವೆಯನ್ನು ತಿನ್ನುತ್ತಿವೆ ಎಂದು 1979ರಲ್ಲಿ ಅವರೇ ಬರೆದರು. 1990ರ ದಶಕದಲ್ಲಿ ಒಂದು ಗೋಪುರಕ್ಕೆ ಹೊರಗಿನಿಂದ ಹೊಸ ಕೇಬಲ್‌ಗಳನ್ನು ಬಿಗಿದು ಬಲ ಕೊಟ್ಟರು. ಒಂಬತ್ತನೆಯ ಗೋಪುರಕ್ಕೆ ಆ ಭಾಗ್ಯ ಬರಲಿಲ್ಲ. 2018ರ ಆಗಸ್ಟ್ 14ರಂದು, ಮಳೆ ಸುರಿಯುತ್ತಿದ್ದಾಗ ಅದು ಕುಸಿದು 43 ಜನ ಸತ್ತರು. ಸಿಡಿಲು ಬಡಿದು ಬಿತ್ತೆಂಬ ಮಾತು ಕೂಡಲೇ ಹಬ್ಬಿತು. ಆಕಾಶದ ಮೇಲೆ ಹೊರಿಸುವುದು ಎಲ್ಲ ದೇಶಗಳಲ್ಲೂ ಸುಲಭ! ನ್ಯಾಯಾಲಯ ನೇಮಿಸಿದ ತಜ್ಞರು ಬೊಟ್ಟು ಮಾಡಿದ್ದು ದಕ್ಷಿಣದ ಕೇಬಲಿನ ತುದಿಯಲ್ಲಿದ್ದ ತುಕ್ಕಿನತ್ತ.

ಗೋಪುರಕ್ಕೆ ಇದ್ದದ್ದು ನಾಲ್ಕೇ ಕೇಬಲ್‌ಗುಚ್ಛ. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಕುಸಿದರೆ ಆಗುವುದೇ ಆಯಿತು. ಇಂದಿನ ಕೇಬಲ್ ಸೇತುವೆಗಳಲ್ಲಿ ಹತ್ತಾರು ಕೇಬಲ್‌ಗಳಿರುತ್ತವೆ, ಒಂದನ್ನು ಕಳಚಿ ಬದಲಾಯಿಸುವಾಗಲೂ ಉಳಿದವು ಭಾರ ಹಂಚಿಕೊಳ್ಳುತ್ತವೆ.

ಮೊರಾಂಡಿಯವರದೇ ಇನ್ನೊಂದು ಸೇತುವೆ ವೆನೆಜುವೆಲಾದ ಮರಕೈಬೊ ಸರೋವರದ ಮೇಲಿದೆ, 1962ರದು. ಅಲ್ಲಿ ಕೇಬಲ್‌ಗಳಿಗೆ ಕಾಂಕ್ರೀಟ್ ಹೊದಿಸಿರಲಿಲ್ಲ. ತುಕ್ಕು ಅವನ್ನೂ ಬಿಡಲಿಲ್ಲ. 1979ರಲ್ಲಿ ಒಂದು ಕಡಿಯಿತು. ಕಣ್ಣೆದುರಿಗೇ ಕಡಿದದ್ದರಿಂದ ಎಲ್ಲವನ್ನೂ ಬದಲಾಯಿಸಿದರು. ಆ ಸೇತುವೆಯ ಮೇಲೆ ವಾಹನಗಳು ಈಗಲೂ ಓಡುತ್ತಿವೆ.