ಗೆದ್ದ ಕೈಯಲ್ಲಿ ಸಿಕ್ಕ ತಪ್ಪು

ಆನ್‌ಲೈನ್ ಪೋಕರ್‌ನಲ್ಲಿ ಆಡಿದ ಪ್ರತಿ ಕೈಯೂ, ಅಂದರೆ ಪ್ರತಿ ಸುತ್ತೂ, ದಾಖಲಾಗಿರುತ್ತದೆ. ಯಾವ ಎಲೆ ಬಿತ್ತು, ಯಾರು ಎಷ್ಟು ಕಟ್ಟಿದರು, ಎಲ್ಲ. ಇದಕ್ಕೆ ಹ್ಯಾಂಡ್ ಹಿಸ್ಟರಿ ಅನ್ನುತ್ತಾರೆ. ನಾನು ಸೋತ ಕೈಗಳನ್ನು ಮಾತ್ರ ತೆರೆದು ನೋಡುತ್ತಿದ್ದೆ. ಒಂದು ದಿನ ಗೆದ್ದ ಕೈಯೊಂದನ್ನು ಸುಮ್ನೆ ತೆರೆದೆ.

ನೋ-ಲಿಮಿಟ್ ಹೋಲ್ಡೆಮ್ ಆಟ: ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು, ಕಟ್ಟುವ ಮೊತ್ತಕ್ಕೆ ಮಿತಿಯಿಲ್ಲ. ನನ್ನ ಕೈಯಲ್ಲಿ ಸ್ಪೇಡ್ ಎಕ್ಕ, ಡೈಮಂಡ್ ರಾಜ. ನಾನು ರೇಸ್ ಮಾಡಿದೆ (ಮೊತ್ತ ಏರಿಸಿದೆ), ಒಬ್ಬ ಕಾಲ್ ಮಾಡಿದ (ಅಷ್ಟೇ ಹಾಕಿ ಆಟದಲ್ಲಿ ಉಳಿದ). ಫ್ಲಾಪ್‌ನಲ್ಲಿ (ಮೇಜಿನ ಮೊದಲ ಮೂರು ಎಲೆ) ಸ್ಪೇಡ್ ರಾಜ, ಸ್ಪೇಡ್ 9, ಡೈಮಂಡ್ 4. ಆಮೇಲೆ ಕ್ಲಬ್ 2, ಕೊನೆಗೆ ಹಾರ್ಟ್ 7. ಪಾಟ್‌ನಲ್ಲಿ (ಅಲ್ಲಿವರೆಗೆ ಎಲ್ಲರೂ ಕಟ್ಟಿದ ಮೊತ್ತ) 100 ಚಿಪ್ಸ್ ಇತ್ತು, ಅವನು ಇನ್ನೂ 100 ಕಟ್ಟಿದ. ನಾನು ಕಾಲ್ ಮಾಡಿದೆ. ಅವನು ತೋರಿಸಿದ್ದು ಸ್ಪೇಡ್ ರಾಣಿ, ಸ್ಪೇಡ್ ಗುಲಾಮ. ಫ್ಲಶ್ (ಒಂದೇ ಜಾತಿಯ ಐದು ಎಲೆ) ಕೂಡಿಬರದೆ ಬ್ಲಫ್ ಮಾಡಿದ್ದ, ಅಂದರೆ ಏನೂ ಇಲ್ಲದೆ ಹೆದರಿಸಲು ಕಟ್ಟಿದ್ದ. ನನ್ನ ರಾಜನ ಜೋಡಿ ಗೆದ್ದಿತು. ಅವತ್ತೆಲ್ಲ ನನಗೆ ಖುಷಿಯೋ ಖುಷಿ.

ಈಗ ಲೆಕ್ಕ ಹಾಕೋಣ. 300ರ ಪಾಟ್‌ಗಾಗಿ (ಮೊದಲಿದ್ದ 100, ಅವನ 100, ನನ್ನ 100) ನಾನು 100 ಹಾಕಬೇಕು. ಅಂದರೆ ಮೂರರಲ್ಲಿ ಒಂದು ಸಲವಾದರೂ ನಾನು ಗೆಲ್ಲಬೇಕು. ಅವನು ತೋರಿಸಿದ ಎರಡು ಎಲೆಗಳನ್ನು ಮರೆತುಬಿಡಿ. ಹೀಗೆ ಆಡಿದವನ ಹತ್ತಿರ ಏನೇನು ಇರಬಹುದಿತ್ತು? ಆ ಇಡೀ ಗುಂಪಿಗೆ ರೇಂಜ್ ಅಂತ ಹೆಸರು.

ಮೊದಲು ನನ್ನನ್ನು ಸೋಲಿಸುವ ಕೈಗಳಲ್ಲಿ ಅವನು ಆಡಿರಬಹುದು ಅಂತ ನಾನು ಎಣಿಸಿದವು. ಜೋಡಿ 9, 7, 4, 2. ಪ್ರತಿಯೊಂದರಲ್ಲೂ ಒಂದು ಎಲೆ ಮೇಜಿನ ಮೇಲಿದೆ (ಸೇರಿದರೆ ಒಂದೇ ಅಂಕಿಯ ಮೂರು), ಉಳಿದ ಮೂರರಲ್ಲಿ ಜೋಡಿ ಆಗುವುದು 3 ರೀತಿ. ಒಟ್ಟು 12. ಒಂದೇ ಜಾತಿಯ ರಾಜ-9 (ಮೇಜಿನ ರಾಜ, 9 ಸೇರಿ ಎರಡು ಜೋಡಿ) ಇನ್ನೆರಡು. ಜೋಡಿ ಎಕ್ಕ ಅಥವಾ ಜೋಡಿ ರಾಜ ಇದ್ದಿದ್ದರೆ ಮೊದಲೇ ರೇಸ್ ಮಾಡುತ್ತಿದ್ದ, ಹಾಗಾಗಿ ಅವನ್ನು ಬಿಟ್ಟೆ. ಒಟ್ಟು 14.

ಇನ್ನು ಬ್ಲಫ್‌ಗಳು. ಫ್ಲಶ್ ತಪ್ಪಿದ ಸ್ಪೇಡ್ ಜೋಡಣೆಗಳಲ್ಲಿ ಅವನು ಆಡಿರಬಹುದು ಅಂತ ನಾನು ಎಣಿಸಿದ್ದು: ರಾಣಿ-ಗುಲಾಮ, ರಾಣಿ-10, ಗುಲಾಮ-10, 10-8, 6-5. ಬರೀ ಐದು. ಅಷ್ಟೇನಾ? ಎಕ್ಕದ ಜೊತೆ ಇನ್ನೊಂದು ಸ್ಪೇಡ್ ಹಿಡಿದು ಆಡುವವರೇ ಜಾಸ್ತಿ, ಅಲ್ವಾ? ಹೌದು. ಆದರೆ ಸ್ಪೇಡ್ ಎಕ್ಕ ನನ್ನ ಕೈಯಲ್ಲೇ ಇದೆ! ರಾಣಿ, ಗುಲಾಮ, 10, 8, 6, 5, 3ರ ಜೊತೆ ಅದು ಸೇರಿ ಆಗಬಹುದಿದ್ದ ಏಳು ಬ್ಲಫ್‌ಗಳು ಅವನಿಗೆ ಸಿಗುವ ಹಾಗೇ ಇರಲಿಲ್ಲ.

ಎಲ್ಲ ಐದರಲ್ಲೂ ಅವನು ಬ್ಲಫ್ ಮಾಡುತ್ತಾನೆ ಅಂದುಕೊಂಡರೂ 19ರಲ್ಲಿ 5, ಸುಮಾರು ಶೇ. 26. ಬೇಕಿದ್ದದ್ದು ಶೇ. 33. ಆ ಕಾಲ್‌ನಿಂದ ಸರಾಸರಿ 21 ಚಿಪ್ಸ್ ನಷ್ಟ. ನನ್ನ ಎಕ್ಕ ಸ್ಪೇಡ್ ಬದಲು ಕ್ಲಬ್ ಆಗಿದ್ದಿದ್ದರೆ 26ರಲ್ಲಿ 12, ಕಣ್ಣುಮುಚ್ಚಿ ಕಾಲ್ ಮಾಡಬಹುದಿತ್ತು. ನಾನು ಧೈರ್ಯಕ್ಕೆ ನಂಬಿದ್ದ ಎಲೆಯೇ ಫೋಲ್ಡ್ ಮಾಡು (ಕೈ ಬಿಟ್ಟುಬಿಡು) ಅಂತ ಹೇಳುತ್ತಿತ್ತು. ಪೋಕರ್‌ನವರು ಇಂಥ ಎಲೆಯನ್ನು ಬ್ಲಾಕರ್ ಅನ್ನುತ್ತಾರೆ. ನೋ-ಲಿಮಿಟ್‌ನ ಸೊಗಸು ನೋಡಿ, ಅವನು 100ರ ಬದಲು 50 ಕಟ್ಟಿದ್ದರೆ ಶೇ. 25 ಸಾಕಿತ್ತು. ಆಗ ಇದೇ ಕಾಲ್ ಸರಿ, ಕೂದಲೆಳೆಯಷ್ಟು.

ಗೆದ್ದಿದ್ದಕ್ಕೇ ಈ ತಪ್ಪು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ 1988ರಲ್ಲಿ ಇದನ್ನು ಪರೀಕ್ಷಿಸಿ ಬರೆದರು. ಒಂದೇ ನಿರ್ಧಾರ, ಒಂದೇ ಮಾಹಿತಿ. ಫಲ ಒಳ್ಳೆಯದಾದರೆ ಜನ ಆ ನಿರ್ಧಾರವನ್ನೇ ಹೆಚ್ಚು ಮೆಚ್ಚುತ್ತಾರೆ.

ಅದೃಷ್ಟವನ್ನು ಬದಿಗಿಟ್ಟು ನೋಡುವುದು ಎಷ್ಟು ಕಷ್ಟ ಅನ್ನೋದಕ್ಕೆ 2017ರ ಪಂದ್ಯ ಸಾಕ್ಷಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 1,20,000 ಕೈ ಆಡಿತು. ಎಲೆಗಳ ಅದೃಷ್ಟ ಸಮವಾಗಲಿ ಅಂತ ಒಬ್ಬರಿಗೆ ಬಂದ ಎಲೆಗಳನ್ನೇ ಇನ್ನೊಂದು ಮೇಜಿನಲ್ಲಿ ತಿರುವುಮುರುವು ಮಾಡಿ ಪ್ರೋಗ್ರಾಂಗೆ ಹಂಚುತ್ತಿದ್ದರು. ಕೊನೆಗೆ ಲಿಬ್ರಾಟಸ್ ಭಾರೀ ಅಂತರದಲ್ಲಿ ಗೆದ್ದಿತು. ನನಗೆ ತುಂಬ ಹಿಡಿಸಿದ್ದು ಅದರ ರಾತ್ರಿಯ ಕೆಲಸ. ಹಗಲಲ್ಲಿ ಎದುರಾಳಿಗಳು ಕಟ್ಟಿದ ಮೊತ್ತಗಳನ್ನು ನೋಡಿ, ಅದು ತನ್ನದೇ ಆಟದಲ್ಲಿದ್ದ ತೂತುಗಳನ್ನು ಮುಚ್ಚಿಕೊಳ್ಳುತ್ತಿತ್ತು.

ಆ ಆಟಗಾರನ ಹೆಸರಿನ ಪಕ್ಕ ಅವತ್ತು ನಾನು "ತುಂಬಾ ಬ್ಲಫ್ ಮಾಡ್ತಾನೆ" ಅಂತ ಬರೆದಿಟ್ಟಿದ್ದೆ, ಒಂದೇ ಒಂದು ಕೈ ನೋಡಿ. ಅದನ್ನು ಅಳಿಸಿದೆ. ಈಗ ಅಲ್ಲಿರುವುದು ಇಷ್ಟು: "ಕೊನೆಯ ಎಲೆಗೆ ಪಾಟ್‌ನಷ್ಟು ಬೆಟ್, ಫ್ಲಶ್ ತಪ್ಪಿದ ರಾಣಿ-ಗುಲಾಮ, ಒಂದು ಸಲ."