ಹಾಡಿಗೆ ಏನು ತರಲಿ?

ಓದುಗರ ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಕೆಲಸ ಮಾಡುವ ಹತ್ತು ಜನ ಗೆಳೆಯರು. ಪ್ರತಿ ವರ್ಷ ಕೊಡಗಿಗೆ ಪ್ರವಾಸ ಬರುತ್ತೇವೆ. ಈ ಸಲ ದಕ್ಷಿಣ ಕೊಡಗಿನ ಒಂದು ಬಡ ಹಾಡಿಗೆ (ಬುಡಕಟ್ಟು ಜನರ ಕೇರಿಗೆ) ಏನಾದರೂ ಮಾಡೋಣವೆಂದು ಹಣ ಕೂಡಿಸಿದ್ದೇವೆ. ಬಟ್ಟೆ, ಕಂಬಳಿ, ಪುಸ್ತಕ ತರಬೇಕೆ? ಹಣವನ್ನೇ ಕೊಡಬೇಕೆ? ಇಲ್ಲ, ಬಂದು ಎರಡು ದಿನ ಕೆಲಸ ಮಾಡಬೇಕೆ?

ಮೊದಲನೇ ಸಲ ಬರಿಗೈಯಲ್ಲಿ ಬನ್ನಿ. ಕೂಡಿಸಿದ ಹಣ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಲು ಈ ಮಾತು ಹೇಳುತ್ತಿಲ್ಲ. ಆ ಹಣದ ಒಂದೊಂದು ರೂಪಾಯಿಯೂ ಸೇರಬೇಕಾದಲ್ಲಿಗೆ ಸೇರಲಿ ಎಂಬುದೇ ನನ್ನ ಆಸೆ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡ ಕುಸಿದಾಗ ನಾನು ಒಂದು ಪರಿಹಾರ ಕೇಂದ್ರದ ಉಗ್ರಾಣದಲ್ಲಿ ಕೆಲಸ ಮಾಡಿದ್ದೆ. ನಾಡಿನ ಮೂಲೆ ಮೂಲೆಯಿಂದ ಲಾರಿಗಳು ಬಂದವು. ಆ ಪ್ರೀತಿಯನ್ನು ನಾವು ಮರೆಯುವಂತಿಲ್ಲ. ಆದರೆ ಮೂರನೇ ದಿನದಿಂದ ಬಂದ ಮೂಟೆಗಳಲ್ಲಿ ಹಳೆ ಬಟ್ಟೆಯೇ ಹೆಚ್ಚು. ಹರಿದ ಜೀನ್ಸ್, ಜರಿಯ ರವಿಕೆ, ಒಂದೇ ಕಾಲಿನ ಚಪ್ಪಲಿ. ಒಣಗಿಸಲು ಬಿಸಿಲಿಲ್ಲ, ಇಡಲು ಜಾಗವಿಲ್ಲ. ವಾರ ಕಳೆಯುವಷ್ಟರಲ್ಲಿ ರಾಶಿಗೆ ಬೂಷ್ಟು ಹಿಡಿಯಿತು. ಅದೇ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದುದು ಒಳ ಉಡುಪು, ಪ್ಯಾಡ್, ಟಾರ್ಚ್ ಮತ್ತು ಬಿಪಿ ಮಾತ್ರೆ. ನಾಲ್ಕರಲ್ಲಿ ಒಂದೂ ನಮ್ಮಲ್ಲಿ ಸಾಕಷ್ಟಿರಲಿಲ್ಲ.

ಗುಡ್ಡ ಕುಸಿದಾಗಲೇ ಹೀಗಾದರೆ, ದಿನನಿತ್ಯದ ಬಡತನದಲ್ಲಿ ಏನು ಬೇಕೆಂದು ದೂರದಲ್ಲಿ ಕೂತು ಊಹಿಸುವುದು ಇನ್ನೂ ಕಷ್ಟ. ಅಕ್ಕಿಯನ್ನೇ ತೆಗೆದುಕೊಳ್ಳಿ. ರೇಷನ್ ಕಾರ್ಡ್ ಇದ್ದವರಿಗೆ ಅಕ್ಕಿ ಸಿಗುತ್ತದೆ. ಸರ್ಕಾರವೇ ಬುಡಕಟ್ಟು ಕುಟುಂಬಗಳಿಗೆ ಬೇಳೆ, ಬೆಲ್ಲ, ಎಣ್ಣೆ, ಮೊಟ್ಟೆ ಇರುವ ಪೌಷ್ಟಿಕ ಆಹಾರದ ಕಿಟ್ ಕೊಡುತ್ತದೆ. ಹಸಿವು ಹೆಚ್ಚಾಗಿ ಇರುವುದು ಕಾರ್ಡೇ ಇಲ್ಲದ ಮನೆಯಲ್ಲಿ. ನೀವು ತಂದ ಒಂದು ಮೂಟೆ ಅಕ್ಕಿ ಆ ಮನೆಯನ್ನು ಒಂದು ತಿಂಗಳು ನಡೆಸಬಹುದು, ಒಂದು ಕಾರ್ಡ್ ಮಾಡಿಸಿಕೊಟ್ಟರೆ ಅವರ ಅಕ್ಕಿ ಅವರಿಗೇ ತಿಂಗಳು ತಿಂಗಳು ಬರುತ್ತದೆ.

ಹಾಗಾಗಿ ಹತ್ತು ಜನ ಓದಿದವರು ಹಾಡಿಗೆ ಮಾಡಬಹುದಾದ ಅತಿ ದೊಡ್ಡ ಸೇವೆ ಯಾವುದೆಂದು ಕೇಳಿದರೆ ನಾನು ಹೇಳುವುದು ಕಾಗದದ ಕೆಲಸ.

ತಿತಿಮತಿ ಕಡೆಯ ಒಂದು ಹಾಡಿಯಲ್ಲಿ ಎರವ ಬುಡಕಟ್ಟಿನ ಒಬ್ಬ ಅಜ್ಜಿ ನನ್ನನ್ನು ಕೂರಿಸಿಕೊಂಡು ತಮ್ಮ ಕಾಗದಪತ್ರ ತೋರಿಸಿದರು. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಬಟ್ಟೆ ಸುತ್ತಿದ ಆಧಾರ್ ಕಾರ್ಡು. ಹುಟ್ಟಿದ ದಿನ ಜನವರಿ 1. ಅಕ್ಕಪಕ್ಕದ ನಾಲ್ಕು ಮನೆಯವರದೂ ಅದೇ ಜನವರಿ 1. ಆ ಕಾರ್ಡಿನ ಲೆಕ್ಕದಲ್ಲಿ ಅಜ್ಜಿಗೆ ಐವತ್ತೆರಡು. ತಲೆಯಲ್ಲಿ ಒಂದು ಕರಿಕೂದಲಿಲ್ಲ, ಮೊಮ್ಮಗಳಿಗೆ ಮದುವೆಯಾಗಿದೆ. ಅರವತ್ತು ತುಂಬದೆ ವೃದ್ಧಾಪ್ಯ ವೇತನವಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿಗೆ ಒಂದು ಒತ್ತಕ್ಷರ ಹೆಚ್ಚು. ಕಾಫಿ ಕೊಯ್ದು, ಮೆಣಸು ಬಿಡಿಸಿ ಬೆರಳಿನ ಗೆರೆ ಸವೆದು ಹೋಗಿ ಬೆರಳಚ್ಚಿನ ಯಂತ್ರಕ್ಕೂ ಅವರು ಯಾರೆಂದು ಗೊತ್ತಾಗುತ್ತಿರಲಿಲ್ಲ. "ಬಟ್ಟೆ ಬೇಡ ಅಕ್ಕಾ, ಹೋದ ಸಲ ಬಂದವರು ಕೊಟ್ಟಿದ್ದಾರೆ. ಇದೊಂದು ಸರಿ ಮಾಡಿಸಿಕೊಡಿ" ಅಂದರು. ಸರಿ ಮಾಡಿಸಲು ತಾಲ್ಲೂಕು ಕೇಂದ್ರಕ್ಕೆ ನಾಲ್ಕು ಸಲ ಓಡಾಡಿದೆವು. ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಸಹಿ ಮಾಡುವವರಿಲ್ಲ. ನನಗೆ ಹೋದದ್ದು ಪೆಟ್ರೋಲು ಮಾತ್ರ. ಜೊತೆಗೆ ಬಂದ ಅವರ ಮಗಳಿಗೆ ನಾಲ್ಕು ದಿನದ ಕೂಲಿ ಹೋಯಿತು. ಆ ಕೂಲಿ ತುಂಬಿಕೊಡುವುದೂ ದಾನವೇ. ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಕ್ಕಳ ಜನನ ಪ್ರಮಾಣಪತ್ರವೂ ಹೀಗೆಯೇ. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹಾಡಿಯಲ್ಲೋ ತೋಟದ ಕೂಲಿಯವರ ಲೈನ್ ಮನೆಯಲ್ಲೋ ಹೆರಿಗೆಯಾದ ತಾಯಿಗೆ ಇದನ್ನು ಸಮಯಕ್ಕೆ ಹೇಳುವವರಿರುವುದಿಲ್ಲ. ಜಾತಿ ಪ್ರಮಾಣಪತ್ರದ ತೂಕ ಇನ್ನೂ ಹೆಚ್ಚು. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಜೇನುಕುರುಬ ಮತ್ತು ಕೊರಗರನ್ನು ಮಾತ್ರ. 2023ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಪಿಎಂ ಜನ್‌ಮನ್ ಯೋಜನೆ ಈ ಪಟ್ಟಿಯವರಿಗೆ. ಒಂದೇ ಓಣಿಯಲ್ಲಿ ಜೇನುಕುರುಬರ ಮನೆಗೆ ಸಿಗುವ ಸೌಲಭ್ಯ ಪಕ್ಕದ ಎರವರ ಮನೆಗೆ ಸಿಗದಿರಬಹುದು. ಬಡತನ ಮಾತ್ರ ಇಬ್ಬರಿಗೂ ಒಂದೇ. ಯೋಜನೆಯ ಕೈಗೆ ಸಿಗದ ಆ ಪಕ್ಕದ ಮನೆಗೆ ನಿಮ್ಮ ಹಣ ಹೋಗಬೇಕು.

ಹಾಡಿಗೆ ಬಂದಾಗ ಯಜಮಾನರನ್ನು ಮೊದಲು ಕಾಣಿ, ಅದು ಮರ್ಯಾದೆ. ಆದರೆ ಅವರೊಬ್ಬರ ಮಾತಿಗೇ ನಿಲ್ಲಬೇಡಿ. ಹೆಂಗಸರ ಜೊತೆ ಬೇರೆಯಾಗಿ ಕೂತು ಮಾತಾಡಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಈ ಮೂವರಿಗೆ ಯಾವ ಮನೆಯಲ್ಲಿ ಏನು ಕೊರತೆ ಎಂದು ಬೆರಳ ತುದಿಯಲ್ಲಿ ಗೊತ್ತಿರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಹಗಲು ಹಾಡಿಯಲ್ಲಿ ಮಕ್ಕಳು ಮತ್ತು ಮುದುಕರು ಮಾತ್ರ ಸಿಗುತ್ತಾರೆ. ಭಾನುವಾರ ಗೋಣಿಕೊಪ್ಪದ ಸಂತೆ, ಅರ್ಧ ಹಾಡಿ ಅಲ್ಲಿರುತ್ತದೆ. ಸಂಜೆ ಐದರೊಳಗೆ ಹೊರಟುಬಿಡಿ, ಆನೆ ಓಡಾಡುವ ದಾರಿ. ಆ ದಾರಿಯಲ್ಲೇ ಮಕ್ಕಳು ಶಾಲೆಗೆ ನಡೆಯುತ್ತಾರೆ. ಶಾಲೆ ಬಿಟ್ಟ ಮಗುವಿನ ತಾಯಿಯನ್ನು ಕಾರಣ ಕೇಳಿ ನೋಡಿ, ಪುಸ್ತಕ ಇಲ್ಲವೆಂದು ಹೇಳುವುದಿಲ್ಲ, ಆನೆ ಎನ್ನುತ್ತಾರೆ. ನಾಲ್ಕು ಹಾಡಿಯ ಮಕ್ಕಳಿಗೆ ಒಂದು ಜೀಪಿನ ಬಾಡಿಗೆ ವರ್ಷಪೂರ್ತಿ ಕೊಡುವುದು ನೋಟ್‌ಬುಕ್ಕಿಗಿಂತ ಮೊದಲು ಬರಬೇಕು.

ಕಲಿಸಲು ಬರುತ್ತೀರಾದರೆ ಒಂದು ಮಾತು. ಜೇನುಕುರುಬರ ಮಕ್ಕಳ ಮನೆಮಾತು ಜೇನುನುಡಿ, ಎರವರದು ಎರವ ಭಾಷೆ. ಒಂದನೇ ತರಗತಿಯಲ್ಲಿ ಕನ್ನಡವೇ ಅವರಿಗೆ ಎರಡನೇ ಭಾಷೆ. ಎರಡು ದಿನದಲ್ಲಿ ಇಂಗ್ಲಿಷ್ ಪ್ರಾಸಪದ್ಯ ಹೇಳಿಕೊಟ್ಟು ಹೋದರೆ ಉಳಿಯುವುದು ಫೋಟೊ ಮಾತ್ರ. ಅದೇ ಹಾಡಿಯಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿರುವ ಹುಡುಗಿ ಇದ್ದೇ ಇರುತ್ತಾಳೆ. ಅವಳಿಗೆ ತಿಂಗಳ ಸಂಬಳ ಕೊಟ್ಟು ಸಂಜೆಯ ಪಾಠ ನಡೆಸಿ. ಕನಿಷ್ಠ ಮೂರು ವರ್ಷ ನಡೆಸುವೆವೆಂಬ ಧೈರ್ಯವಿದ್ದರೆ ಮಾತ್ರ ಶುರು ಮಾಡಿ. ಆರು ತಿಂಗಳಿಗೆ ನಿಂತುಹೋದ ಪಾಠದ ಮನೆಗಳನ್ನು ಆ ಮಕ್ಕಳು ಈಗಾಗಲೇ ಕಂಡಿದ್ದಾರೆ. ಫೋಟೊದ ವಿಷಯಕ್ಕೇ ಬಂದರೆ, ಕಿಟ್ ಹಿಡಿದು ಸಾಲಾಗಿ ನಿಂತ ಮಕ್ಕಳ ಮುಖ ಎಲ್ಲಿಯೂ ಹಾಕಬೇಡಿ. ನಿಮ್ಮ ಮಗುವಿನ ಫೋಟೊ ಹಾಗೆ ಹಾಕಿದರೆ ನೀವು ಒಪ್ಪುತ್ತೀರಾ?

ಕಟ್ಟಡ ಕಟ್ಟುವ ಯೋಚನೆ ಇದ್ದರೆ ಜಾಗ ಯಾರದೆಂದು ಮೊದಲು ನೋಡಿ. ಹಾಡಿಗಳು ಅರಣ್ಯದಲ್ಲಿರಬಹುದು, ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಇರಬಹುದು. ನಾಗರಹೊಳೆಯ ಒಳಗಿನ ಹಾಡಿಗೆ ಹೋಗಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅರಣ್ಯದ ಜಾಗದಲ್ಲಿ ನೀವಾಗಿ ಶೌಚಾಲಯ ಕಟ್ಟಲು ಹೋದರೆ ಕೇಸು ಬೀಳುವುದು ಹಾಡಿಯವರ ಮೇಲೆ. ಆದರೆ ದಾರಿ ಇಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ನು ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಸೇರಿ 13 ಸೌಲಭ್ಯಗಳಿಗೆ ಅರಣ್ಯ ಭೂಮಿ ಕೊಡಲು ಅವಕಾಶ ಮಾಡಿದೆ. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಇದನ್ನು ಸರ್ಕಾರವೇ ಮಾಡಿಸಬೇಕು. ನಿಮ್ಮಲ್ಲಿ ಒಬ್ಬರು ವಕೀಲರಿದ್ದರೆ ಆ ಗ್ರಾಮಸಭೆಯ ಠರಾವು ಬರೆಯಲು ನೆರವಾಗಲಿ.

ಹಣ ಕೊಡುವ ಬಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಗಾದರೆ ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ಹಾಕಿ ರಸೀದಿ ಪಡೆಯಿರಿ, ಯಾರ ಕೈಗೂ ನಗದು ಬೇಡ. ಟ್ರಸ್ಟ್ ಮೂಲಕವಾದರೆ ಹಿಂದಿನ ವರ್ಷಗಳ ಆಡಿಟ್ ವರದಿ ಕೇಳಿ. ತೋರಿಸಲು ಹಿಂಜರಿದರೆ ಅಲ್ಲಿಗೇ ಕೈಮುಗಿದು ಬನ್ನಿ. 80ಜಿ ಎಂದು ಜನ ಹೇಳುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. 2000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೂ ಇಲ್ಲ, ವಸ್ತು ಕೊಟ್ಟರೂ ಇಲ್ಲ. ಗೆಳೆಯರಲ್ಲಿ ಯಾರಾದರೂ ವಿದೇಶಿ ಪಾಸ್‌ಪೋರ್ಟಿನವರಿದ್ದರೆ ಅವರ ಹಣವನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು.

ವಸ್ತುವನ್ನೇ ಕೊಡಬೇಕೆಂಬ ಆಸೆ ಬಲವಾಗಿದ್ದರೆ ಟಾರ್ಪಾಲು ಕೊಡಿ. ಮೇ ತಿಂಗಳ ಮೊದಲ ವಾರ ಬಂದು ಹಾಡಿಯ ಹುಡುಗರ ಜೊತೆ ಒಂದೊಂದು ಮನೆಯ ಮಾಡನ್ನೂ ಟೇಪು ಹಿಡಿದು ಅಳೆಯಿರಿ, ಉದ್ದ ಅಗಲ ಬರೆದುಕೊಳ್ಳಿ. ತೆಳುವಾದದ್ದು ಕಕ್ಕಡದ (ಕೊಡಗಿನ ಜಡಿಮಳೆಯ ತಿಂಗಳ) ಗಾಳಿಗೆ ಚಿಂದಿಯಾಗುತ್ತದೆ, ದಪ್ಪದ್ದೇ ತನ್ನಿ, ಕಟ್ಟಲು ನೈಲಾನ್ ಹಗ್ಗವನ್ನೂ ಮರೆಯಬೇಡಿ. ಜೂನ್ ಹುಟ್ಟುವ ಮೊದಲು ಅವರ ಜೊತೆ ನೀವೂ ಮಾಡು ಹತ್ತಿ ಕಟ್ಟಿ ಹೋಗಿ. ಅಳತೆ ತೆಗೆಯುವಾಗ ಮನೆಯೊಳಗೆ ಕರೆದು ಕರಿಕಾಫಿ ಕೊಡುತ್ತಾರೆ. ಅದನ್ನು ಬೇಡ ಅನ್ನಬೇಡಿ, ಕೂತು ಕುಡಿಯಿರಿ. ಕಾಗದಪತ್ರದ ಚೀಲ ಹೊರಗೆ ಬರುವುದು ಆಮೇಲೆಯೇ.